ಅಂತರಜಾಲದ ಹೊಸ ವಿಳಾಸ ಪದ್ಧತಿ

ವಿಳಾಸವಿಲ್ಲದ ಮನೆಗೆ ಪತ್ರ ಬಾರದು. ಆಪತ್ಕಾಲದಲ್ಲಿ ವೈದ್ಯನೂ ಬಾರಲಾರ. ಅಂತರಜಾಲದಲ್ಲಿಯೂ ಇದೇ ನಿಯಮ. ಅದರೊಡನೆ ಸಂಪರ್ಕ ಹೊಂದುವ ಗಣಕಯಂತ್ರ, ದೂರವಾಣಿ, ಕ್ಯಾಮೆರಾಗಳಿಗೆಲ್ಲ ಅಂಕಿಗಳಿಂದಾದ ವಿಳಾಸ ಬೇಕು. ಈ ವಿಳಾಸಗಳ ಸ್ವರೂಪವನ್ನು ಗೊತ್ತುಪಡಿಸುವ ನಿಯಮಾವಳಿಗೆ ಇಂಟರ್‌ನೆಟ್ ಪ್ರೋಟೋಕಾಲ್, ಸಂಕ್ಷೇಪವಾಗಿ ‘ಐಪಿ’, ಎಂದು ಹೆಸರು.

1981ರಲ್ಲಿ ಪ್ರಕಟವಾದ ಇದರ ನಾಲ್ಕನೆಯ ಆವೃತ್ತಿಯು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ವಿಳಾಸವೊಂದಕ್ಕೆ ಸೊನ್ನೆ ಅಥವಾ ಒಂದು ಎಂಬ 32 ಸ್ಥಾನಗಳು ಮಾತ್ರ. ಆದುದರಿಂದ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಗೇ ಇದು ಸಾಲದೆಂದ ಮೇಲೆ ಯಂತ್ರಗಳ ಮಾತೇನು? 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಐದು ಕಟ್ಟುಗಳು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದವು. ಏಷ್ಯಾ-ಶಾಂತಸಾಗರ ಪ್ರದೇಶದ ಸಂಸ್ಥೆಯು ಅದೇ ವರ್ಷದ ಏಪ್ರಿಲಿನಿಂದ ವಿಳಾಸಗಳನ್ನು ಪಡಿತರದಂತೆ ಅಳೆದು ಕೊಡತೊಡಗಿತು.

ಹಂಚಿಕೊಂಡ ವಿಳಾಸದ ತೊಡಕು

ಈ ಕೊರತೆಯನ್ನು ನೀಗಲು ಅನೇಕ ಯಂತ್ರಗಳು ಒಂದೇ ವಿಳಾಸವನ್ನು ಹಂಚಿಕೊಳ್ಳುವ ಉಪಾಯವು ರೂಢಿಗೆ ಬಂದಿತು. ವಿಜಯವಾಡ, ವಿಶಾಖಪಟ್ಟಣಗಳ ಆಟೋನಗರಗಳನ್ನು ಕಂಡವರಿಗೆ ಇದನ್ನು ತಿಳಿಯುವುದು ಸುಲಭ. ಲಾರಿಗಳಿಗೆ ಬಾಡಿ ಕಟ್ಟುವ, ಇಂಜಿನ್ ಬಿಚ್ಚುವ ನಲವತ್ತು ಶೆಡ್ಡುಗಳಿಗೆ ಒಂದೇ ನಂಬರು ಇದೆಯೆಂದೂ, ಬಾಗಿಲಲ್ಲಿ ಗುಮಾಸ್ತನೊಬ್ಬ ಕುಳಿತಿದ್ದಾನೆಂದೂ ಭಾವಿಸಿರಿ. ಯಾವ ಶೆಡ್ಡಿನಿಂದ ಯಾವ ಪತ್ರ ಹೋಯಿತೆಂದು ಅವನು ಬರೆದಿಟ್ಟುಕೊಂಡು, ಉತ್ತರ ಬಂದಾಗ ತಲುಪಿಸುವನು. ಆದರೆ ಹೊರಗಿನವನೊಬ್ಬ ತಾನಾಗಿಯೇ ಬಂದು ನಿಂತರೆ ಅವನನ್ನು ಯಾವ ಶೆಡ್ಡಿಗೆ ಕಳುಹಿಸಬೇಕು? ಗುಮಾಸ್ತನಿಗೆ ತಿಳಿಯದು. ಒಂದು ಶೆಡ್ಡಿನವರು ತಪ್ಪು ಮಾಡಿದರೆ ನಲವತ್ತಕ್ಕೂ ಅಪವಾದ ತಪ್ಪದು.

ಆರೋಗ್ಯದ ವಿಷಯದಲ್ಲಿ ಈ ತೊಡಕು ಗಮನಾರ್ಹ. 2020ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವನಿ ಒಪಿಡಿ ಆರಂಭವಾದಂದಿನಿಂದ ಮನೆಯಲ್ಲಿಯೇ ಕುಳಿತು ವೈದ್ಯರನ್ನು ಕಾಣುವುದು ಸಾಮಾನ್ಯರಿಗೂ ಸಾಧ್ಯವಾಗಿದೆ. ಸಾಮಾನ್ಯವಾಗಿ ಇಂತಹ ದೃಶ್ಯಸಂಭಾಷಣೆಗಳಲ್ಲಿ ಎರಡು ಕಡೆಯೂ ಹಂಚಿಕೊಂಡ ವಿಳಾಸಗಳೇ ಇದ್ದರೆ, ಮಾತು ಅನೇಕ ವೇಳೆ ಮೂರನೆಯದೊಂದು ಯಂತ್ರವನ್ನು ಬಳಸಿ ಸುತ್ತಿ ಬರಬೇಕಾಗುತ್ತದೆ. ಸುತ್ತು ಹೆಚ್ಚಿದಷ್ಟೂ ವಿಳಂಬ ಹೆಚ್ಚು.

ಆರನೆಯ ಆವೃತ್ತಿ

ಇದಕ್ಕೆ ಶಾಶ್ವತ ಪರಿಹಾರವೇ ಆರನೆಯ ಆವೃತ್ತಿ. 1998ರ ಡಿಸೆಂಬರಿನಲ್ಲಿ ಇದರ ಕರಡು ಮಾನಕವೂ, 2017ರಲ್ಲಿ ಪೂರ್ಣ ಮಾನಕವೂ ಪ್ರಕಟವಾದವು. ಇಲ್ಲಿ ವಿಳಾಸಕ್ಕೆ 128 ಸ್ಥಾನಗಳು. 34ರ ಮುಂದೆ 37 ಸೊನ್ನೆಗಳನ್ನು ಬರೆದರೆ ದೊರೆಯುವಷ್ಟು ವಿಳಾಸಗಳಿಗೆ ಇದರಲ್ಲಿ ಎಡೆಯಿದೆ. ಯಂತ್ರವು ಸಂಪರ್ಕಕ್ಕೆ ಬಂದೊಡನೆ ತನ್ನ ವಿಳಾಸವನ್ನು ತಾನೇ ರಚಿಸಿಕೊಳ್ಳಬಲ್ಲುದು. ಮಾಹಿತಿಯ ಪ್ರತಿ ಪೊಟ್ಟಣದ ತಲೆಬರಹವೂ ಸರಳಗೊಂಡಿರುವುದರಿಂದ ಮಾರ್ಗದ ರೂಟರ್‌ಗಳಿಗೆ ಕೆಲಸ ಹಗುರ.

ನಮ್ಮ ದೇಶವು ಈ ವಿಷಯದಲ್ಲಿ ಹಿಂದುಳಿದಿಲ್ಲ. 2010ರ ಜುಲೈಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಮಾರ್ಗಸೂಚಿಯನ್ನು ಹೊರಡಿಸಿತು. 2016ರಲ್ಲಿ ಜಿಯೋ ಸೇವೆಯು ಹೊಸ ಪದ್ಧತಿಯೊಡನೆಯೇ ಆರಂಭವಾದ ಮೇಲೆ ಬಳಕೆಯು ತೀವ್ರವಾಗಿ ಏರಿ, ಭಾರತವು ಜಗತ್ತಿನ ಅಗ್ರಪಂಕ್ತಿಗೆ ಬಂದಿದೆ. ಆದರೂ ಹಳೆಯ ಪದ್ಧತಿಯ ಯಂತ್ರವು ಹೊಸ ಪದ್ಧತಿಯ ಯಂತ್ರದೊಡನೆ ನೇರವಾಗಿ ಮಾತನಾಡಲಾರದು. ಆದಕಾರಣ ಕೆಲವು ಕಾಲ ಎರಡನ್ನೂ ಜೊತೆಯಾಗಿ ನಡೆಸುವುದು ಅನಿವಾರ್ಯ.

ಎಚ್ಚರಿಕೆಯ ಮಾತು

ಸ್ವಂತ ವಿಳಾಸವೆಂದರೆ ಬೀದಿಗೆ ತೆರೆದ ಬಾಗಿಲು. ಬಾಗಿಲಿಗೆ ಬೀಗವೂ ಇರಬೇಕು. ಗುಮಾಸ್ತನಿಲ್ಲದ ಕಡೆ ಕಾವಲುಗಾರನ ಕೆಲಸವನ್ನು ‘ಫೈರ್‌ವಾಲ್’ ಎಂಬ ತಡೆಗೋಡೆಯು ಮಾಡಬೇಕು. ಮನೆಯ ರೂಟರ್‌ನಲ್ಲಿ ಅದು ಜಾರಿಯಲ್ಲಿದೆಯೇ ಎಂದು ನೋಡಿಕೊಳ್ಳುವುದು, ತಯಾರಕರು ಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಿಸುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯ. ಚಿಕಿತ್ಸಾಲಯಗಳನ್ನು ನಡೆಸುವವರಿಗೆ ಈ ಹೊಣೆ ಇನ್ನೂ ಹಿರಿದು. ಇಂದು ಕೊಂಡ ಉಪಕರಣವು ಹಲವು ವರ್ಷ ಬಾಳತಕ್ಕದ್ದು. ಅದು ಆರನೆಯ ಆವೃತ್ತಿಯನ್ನು ಬಲ್ಲುದೇ ಎಂದು ಕೊಳ್ಳುವ ಮುನ್ನ ಕೇಳುವುದು ಲೇಸು.