ಕರಡಿಯಾಗಲು ಯಾರ ಅಪ್ಪಣೆ ಬೇಕು? ಒಂದು ಆಟದ ನಿಯಮ ಹೇಳುವ ಅಧಿಕಾರದ ಕತೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ನಾಲ್ಕು ಜನರ ಮಧ್ಯೆ ಜಗಳ ಹಚ್ಚಬೇಕಾ? ‘ಡ್ರೂಯಿಡ್ ಎಷ್ಟನೇ ಹಂತದಲ್ಲಿ ಕರಡಿ ಆಗಬಹುದು?’ ಅಂತ ಕೇಳಿ ಸುಮ್ಮನೆ ಕೂತರೆ ಸಾಕು. ಅರ್ಧ ಗಂಟೆ ನಿಮಗೆ ಮಾತಾಡುವ ಕೆಲಸವೇ ಇರುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುವುದಾದರೆ, ಇದು 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಕಾಗದ, ಪೆನ್ಸಿಲ್, ದಾಳಗಳ ಆಟ. ಟೇಬಲ್ ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಪಾತ್ರ. ಒಬ್ಬರು ಮಾತ್ರ ಡಂಜನ್ ಮಾಸ್ಟರ್, ಅಂದರೆ ಕತೆ ನಡೆಸುವವರೂ ಅವರೇ, ತೀರ್ಪು ಕೊಡುವವರೂ ಅವರೇ. ಡ್ರೂಯಿಡ್ ಎಂಬುದು ಕಾಡಿನ ಮಂತ್ರಗಾರ್ತಿಯ ಪಾತ್ರ. ಪ್ರಾಣಿಯಾಗಿ ಬದಲಾಗುವ ಅವಳ ಶಕ್ತಿಗೆ ‘ವೈಲ್ಡ್ ಶೇಪ್’ ಎಂದು ಹೆಸರು. ಬಯಸಿದ ರೂಪ ತಾಳುವವರಿಗೆ ನಮ್ಮಲ್ಲಿ ಕಾಮರೂಪಿ ಎಂಬ ಚೆಂದದ ಪದ ಇದೆ. ಆದರೆ ಡ್ರೂಯಿಡ್‌ಗೆ ಬಯಸಿದ್ದೆಲ್ಲ ಸಿಗುವುದಿಲ್ಲ. ಯಾವುದು ಸಿಗಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬುದೇ ಇಷ್ಟು ವರ್ಷಗಳ ತಕರಾರು.

ಹೆಚ್ಚು ಜನ ಆಡಿದ 2014ರ ನಿಯಮವನ್ನೇ ನೋಡಿ. ಆಟದಲ್ಲಿ ಪ್ರತಿ ಪ್ರಾಣಿಗೂ ಅದು ಎಷ್ಟು ಅಪಾಯಕಾರಿ ಎಂದು ಹೇಳುವ ಒಂದು ಅಂಕ ಇದೆ, ಅದಕ್ಕೆ ಚಾಲೆಂಜ್ ರೇಟಿಂಗ್ ಎನ್ನುತ್ತಾರೆ. ತೋಳಕ್ಕೆ ಕಾಲು, ಮೊಸಳೆಗೆ ಅರ್ಧ, ಹುಲಿಗೆ ಒಂದು. 2ನೇ ಹಂತದ ಡ್ರೂಯಿಡ್‌ಗೆ ಕಾಲು ಅಂಕದವರೆಗಿನ ಪ್ರಾಣಿಗಳು ಮಾತ್ರ. ಹಾರುವಂತಿಲ್ಲ, ಈಜುವ ಪ್ರಾಣಿಯೂ ಆಗುವಂತಿಲ್ಲ. 4ನೇ ಹಂತಕ್ಕೆ ಮೊಸಳೆ, 8ಕ್ಕೆ ಹುಲಿ, ಹದ್ದು. ಸ್ವಲ್ಪ ಹೊತ್ತು ವಿಶ್ರಾಂತಿ ತಗೊಳ್ಳುವ ಮೊದಲು ಎರಡೇ ಸಲ ಬದಲಾಗಬಹುದು. ಹಂತದ ಅರ್ಧದಷ್ಟು ಗಂಟೆ ಆ ರೂಪ ಉಳಿಯುತ್ತದೆ. ಬುದ್ಧಿ, ವ್ಯಕ್ತಿತ್ವ ಸ್ವಂತದ್ದು; ಮೈಬಲ ಪ್ರಾಣಿಯದು. ಪ್ರಾಣಿಯಾಗಿದ್ದಾಗ 18ನೇ ಹಂತದವರೆಗೂ ಹೊಸ ಮಂತ್ರ ಹಾಕುವಂತಿಲ್ಲ.

ಜಗಳದ ಬೀಜ ಇರುವುದು ಮುಂದಿನ ಸಾಲಿನಲ್ಲಿ. ಪ್ರಾಣಿಯಾದ ತಕ್ಷಣ ನಿಮ್ಮ ಜೀವದ ಲೆಕ್ಕ, ಅಂದರೆ ಹಿಟ್ ಪಾಯಿಂಟ್, ಬದಿಗೆ ಹೋಗಿ ಪ್ರಾಣಿಯದ್ದು ಬರುತ್ತದೆ. ಅದು ಸೊನ್ನೆಯಾದರೆ ಪ್ರಾಣಿರೂಪ ಕಳಚಿ ನಿಮ್ಮ ಹಳೆಯ ಲೆಕ್ಕ ವಾಪಸ್. ಬಾಣ ತಾಗಿದ್ದೇ ಜಿಂಕೆ ರೂಪ ಕಳಚಿ ಹೊರಬಿದ್ದ ಮಾರೀಚ ನೆನಪಾದನಾ? ಅದೇ ಥರ. ಪಾಪ, ಮಾರೀಚ ಉಳಿಯಲಿಲ್ಲ. ಡ್ರೂಯಿಡ್ ಉಳಿಯುತ್ತಾಳೆ.

ಈಗ ಲೆಕ್ಕ ಹಾಕಿ. 2ನೇ ಹಂತದ ಡ್ರೂಯಿಡ್‌ಗೆ ಸುಮಾರು 17 ಪಾಯಿಂಟ್ ಇರುತ್ತದೆ. ‘ಚಂದ್ರ ಪಂಥ’ದವರಿಗೆ, ಅಂದರೆ ಸರ್ಕಲ್ ಆಫ್ ದ ಮೂನ್ ಎಂಬ ಉಪವರ್ಗಕ್ಕೆ, ಅದೇ ಹಂತದಲ್ಲಿ ಒಂದು ಅಂಕದ ಪ್ರಾಣಿಯೂ ಸಿಗುತ್ತದೆ. ಕಂದು ಕರಡಿಗೆ 34 ಪಾಯಿಂಟ್. ಎರಡು ಸಲ ಕರಡಿಯಾದರೆ 68, ಸ್ವಂತದ್ದು ಸೇರಿದರೆ 85. ಪಕ್ಕದಲ್ಲಿ ಕತ್ತಿ ಹಿಡಿದು ನಿಂತ ಯೋಧನ ಪಾತ್ರದವನಿಗೆ ಇದರ ಕಾಲು ಭಾಗ ಇದ್ದರೆ ಹೆಚ್ಚು. ಹೊಡೆತ ತಿನ್ನುವುದೇ ಅವನ ಕೆಲಸ, ಆ ಕೆಲಸವನ್ನೂ ಕರಡಿಯೇ ಮಾಡಿ ಮುಗಿಸಿತು. ‘ನಾನ್ಯಾಕೆ ಬಂದೆ?’ ಅಂತ ಅವನಿಗೆ ಅನಿಸಿದರೆ ತಪ್ಪೇನಿಲ್ಲ.

ಇದು ಅಂಕಿಯ ಅಸಮಾನತೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗೆ ಹೆಚ್ಚು ಮುಖ್ಯ ಅನಿಸುವುದು ಅದೇ ನಿಯಮದಲ್ಲಿ ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಷರತ್ತು: ನೀವು ‘ಮೊದಲು ನೋಡಿರುವ’ ಪ್ರಾಣಿಯೇ ಆಗಬೇಕು. ನೋಡಿದ್ದೀರಾ ಇಲ್ಲವಾ? ಅದು ಹೇಳಬೇಕಾದವರು ಡಂಜನ್ ಮಾಸ್ಟರ್. ‘ನನ್ನ ಪಾತ್ರ ಬಂದರಿನ ಊರಲ್ಲಿ ಬೆಳೆದದ್ದು, ಸರ್ಕಸ್ಸಿನವರು ಹುಲಿ ತಂದಿದ್ದರು’ ಅಂತ ಒಬ್ಬ ಸರಾಗವಾಗಿ ಕತೆ ಕಟ್ಟುತ್ತಾನೆ, ಹುಲಿ ಸಿಗುತ್ತದೆ. ಮೊದಲ ಸಲ ಬಂದ ಹುಡುಗಿಗೆ ಹಾಗೆ ಕೇಳಬಹುದು ಅಂತಲೇ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ನಡೆಯುವ ಟೇಬಲ್‌ನಲ್ಲಿ ವಾದ ಮಾಡುವ ಧೈರ್ಯವೂ ಇಲ್ಲ. ಅವಳು ತೋಳವಾಗಿಯೇ ಉಳಿಯುತ್ತಾಳೆ. ಪುಸ್ತಕದಲ್ಲಿ ಇಬ್ಬರಿಗೂ ಹಕ್ಕು ಒಂದೇ, ಸಿಕ್ಕಿದ್ದು ಮಾತ್ರ ಬೇರೆ ಬೇರೆ. ಸರ್ಕಾರಿ ಕಚೇರಿಯ ಕೌಂಟರ್ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಆವೃತ್ತಿಗಳು ಒಂದೊಂದೂ ಒಂದೊಂದು ದಾರಿ ಹಿಡಿದವು. 1978ರ ಪುಸ್ತಕ ಬಿಗಿ: 7ನೇ ಹಂತದಿಂದ ದಿನಕ್ಕೆ ಮೂರು ಸಲ, ಅದೂ ಸರೀಸೃಪ, ಹಕ್ಕಿ, ಸಸ್ತನಿ ತಲಾ ಒಂದೊಂದು ಸಲ. 2003ರ ಪರಿಷ್ಕರಣೆ ಪೂರ್ತಿ ಧಾರಾಳ. ‘ನ್ಯಾಚುರಲ್ ಸ್ಪೆಲ್’ ಎಂಬ ಆಯ್ಕೆ ತಗೊಂಡರೆ ಕರಡಿಯಾಗಿಯೇ ಮಂತ್ರ ಹಾಕಬಹುದಿತ್ತು. 2009ರಲ್ಲಿ ಬಂದ ಡ್ರೂಯಿಡ್‌ಗೆ ರೂಪ ಬರೀ ವೇಷ. ಯಾವ ಪ್ರಾಣಿಯಾದರೂ ಅಂಕಿ ಅದೇ.

2023ರ ಫೆಬ್ರವರಿಯಲ್ಲಿ ಪ್ರಕಾಶಕ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್ ಈ ವೇಷದ ದಾರಿಗೇ ವಾಪಸ್ ಬರಲು ನೋಡಿತು. ಪರೀಕ್ಷೆಗೆ ಬಿಟ್ಟ ಕರಡಿನಲ್ಲಿ (ಇದು ಡ್ರಾಫ್ಟ್ ಎನ್ನುವ ಕರಡು, ಪ್ರಾಣಿಯಲ್ಲ) ಇದ್ದದ್ದು ಮೂರೇ ಅಚ್ಚು: ನೆಲದ ಪ್ರಾಣಿ, ನೀರಿನ ಪ್ರಾಣಿ, ಆಕಾಶದ ಪ್ರಾಣಿ. ತೋಳ ಅನ್ನಿ, ಜಿಂಕೆ ಅನ್ನಿ, ಅಂಕಿ ಒಂದೇ. ಇಲಿಯಂಥ ಪುಟ್ಟ ರೂಪವಂತೂ ಬಹಳ ಮೇಲಿನ ಹಂತದವರೆಗೂ ಇಲ್ಲ. ಅನ್ಯಾಯವೇನೋ ಹೋಯಿತು, ಜೊತೆಗೆ ಪ್ರಾಣಿಯೂ ಹೋಯಿತು. ಜೇಡವಾಗಿ ಗೋಡೆ ಹತ್ತುವ, ಇಲಿಯಾಗಿ ಬಾಗಿಲ ಸಂದಿಯಲ್ಲಿ ನುಗ್ಗುವ ಖುಷಿಗೇ ಡ್ರೂಯಿಡ್ ಆಡುವವರು ಇದನ್ನು ಒಪ್ಪಲಿಲ್ಲ. ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿದರೆ ಅದು ಸಮಾನತೆ ಆಗುವುದಿಲ್ಲ ಎಂಬ ಅವರ ತಕರಾರು ಸರಿಯಾಗಿಯೇ ಇತ್ತು. ಅದೇ ವರ್ಷದ ಮುಂದಿನ ಕರಡಿನಲ್ಲಿ ಬಿಡಿ ಬಿಡಿ ಪ್ರಾಣಿಗಳು ವಾಪಸ್ ಬಂದವು.

2024ರ ಪುಸ್ತಕದಲ್ಲಿ ಈಗಿರುವುದು ಒಂದು ರಾಜಿ. ‘ನೋಡಿರಬೇಕು’ ಎಂಬ ಷರತ್ತಿನ ಜಾಗಕ್ಕೆ ಪಟ್ಟಿ ಬಂದಿದೆ. 2ನೇ ಹಂತದಲ್ಲಿ ನಾಲ್ಕು ಪ್ರಾಣಿ ನೀವೇ ಆರಿಸಿ ಬರೆದುಕೊಳ್ಳಿ, 4ಕ್ಕೆ ಆರು, 8ಕ್ಕೆ ಎಂಟು. ದೀರ್ಘ ವಿಶ್ರಾಂತಿಯ ನಂತರ ಒಂದನ್ನು ಬದಲಿಸಬಹುದು. ಜೀವದ ಲೆಕ್ಕ ಸ್ವಂತದ್ದೇ, ಮೇಲೆ ಹಂತದಷ್ಟು ತಾತ್ಕಾಲಿಕ ಪಾಯಿಂಟ್. ಚಂದ್ರ ಪಂಥದವರಿಗೆ ಅದರ ಮೂರು ಪಟ್ಟು. ಎರಡೆರಡು ಕರಡಿ ಚರ್ಮ ಹೊದ್ದುಕೊಳ್ಳುವ ಕಾಲ ಮುಗಿಯಿತು. ಪ್ರಾಣಿಯಾಗಿ ಮಾತಾಡಲೂಬಹುದು. ಹಳಬರು ಗೊಣಗುತ್ತಾರೆ, ಕಾಡಿನಲ್ಲಿ ಹೊಸ ಪ್ರಾಣಿ ಕಂಡು ಕಲಿಯುವ ರೋಮಾಂಚನ ಹೋಯಿತು ಅಂತ. ನಿಜ, ಅದೊಂದು ನಷ್ಟವೇ. ಆದರೂ ಹೊಸಬರು ಕೂತ ಟೇಬಲ್‌ನಲ್ಲಿ ನನ್ನ ಮತ ಪಟ್ಟಿಗೇ. ಕೈಯಲ್ಲಿ ಬರೆದಿಟ್ಟದ್ದಕ್ಕೆ ಯಾರ ಮುಂದೆಯೂ ವಾದ ಮಾಡಬೇಕಿಲ್ಲ.

ನಿಯಮ ಯಾರದ್ದು ಎಂಬ ಪ್ರಶ್ನೆ ಇದೇ ಸಮಯದಲ್ಲಿ ಇನ್ನೂ ದೊಡ್ಡದಾಗಿ ಎದ್ದಿತ್ತು. 2023ರ ಜನವರಿಯಲ್ಲಿ, 2000ದಿಂದ ಜಾರಿಯಲ್ಲಿದ್ದ ಮುಕ್ತ ಪರವಾನಗಿಯನ್ನು ಕಂಪನಿ ಬಿಗಿಗೊಳಿಸಲು ಹೊರಟಿರುವ ಪ್ರತಿ ಸೋರಿಕೆಯಾಯಿತು. ಆಟಗಾರರು, ಸಣ್ಣ ಪ್ರಕಾಶಕರು ತಿರುಗಿಬಿದ್ದರು. ಜನವರಿ 27ಕ್ಕೆ ಕಂಪನಿ ಹಿಂದೆ ಸರಿದು, 2014ರ ನಿಯಮಗಳ ಸಾರವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿತು. ಅದನ್ನು ವಾಪಸ್ ಪಡೆಯಲು ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳ ಸಾರವೂ ಹಾಗೇ ಬಂತು. ಮೂಲದ ಹೆಸರು ಹೇಳಿದರೆ ಸಾಕು, ವೈಲ್ಡ್ ಶೇಪ್ ನಿಯಮವನ್ನು ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ತಿದ್ದಬಹುದು, ಮಾರಲೂಬಹುದು.

ತಂದರೆ ಮೊದಲ ತೊಡಕು ಪ್ರಾಣಿಗಳದ್ದೇ. 2014ರ ಆ ಸಾರದಲ್ಲಿ ನಮ್ಮ ಮುಂಗುಸಿ ಇಲ್ಲ, ಕಾಟಿ ಇಲ್ಲ, ಸಿಂಗಳೀಕ ಇಲ್ಲ. ಮುಂಗುಸಿಗೆ ಅದರಲ್ಲಿರುವ ವೀಸೆಲ್‌ನ ಅಂಕಿ ಹೊಂದುತ್ತದೆ. ಕಾಟಿಗೇನು ಮಾಡುವುದು? ಘೇಂಡಾಮೃಗದ ಅಂಕಿ ಕೊಟ್ಟರೆ ಅದರ ರೇಟಿಂಗ್ ಎರಡು, ಸಾಮಾನ್ಯ ಡ್ರೂಯಿಡ್‌ಗೆ ಯಾವತ್ತಿಗೂ ಸಿಗುವುದಿಲ್ಲ. ಎಲ್ಕ್ ಜಿಂಕೆಯ ಅಂಕಿ ಕೊಟ್ಟರೆ ರೇಟಿಂಗ್ ಕಾಲು, 2ನೇ ಹಂತದವಳೂ ಕಾಟಿಯಾಗಬಹುದು. ತೀರ್ಮಾನ ಮತ್ತೆ ಡಂಜನ್ ಮಾಸ್ಟರ್ ಕೈಗೇ ಬಂತು. ಹಾಗಾಗಿ ಮೊದಲ ದಾಳ ಹಾಕುವ ಮುಂಚೆಯೇ ಎಲ್ಲರೂ ಕೂತು ಪಟ್ಟಿ ಮಾಡಿಕೊಳ್ಳಿ, ಮೊದಲ ಸಲ ಬಂದವರನ್ನು ಮೊದಲು ಕೇಳಿ.