‘ಆಸ್ಕ್’ ಎಂಬ ಕ್ರಿಯಾಪದವೂ ಅದರ ಸ್ಪ್ಯಾನಿಷ್ ಭಾಷಾಂತರವೂ

ಒಂದು ಭಾಷೆಯ ಶಬ್ದವನ್ನು ತೆಗೆದು ಅದರ ಸ್ಥಾನದಲ್ಲಿ ಇನ್ನೊಂದು ಭಾಷೆಯ ಶಬ್ದವನ್ನಿಡುವುದೇ ಭಾಷಾಂತರವೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ಈ ಭಾವನೆ ಎಷ್ಟು ಅಪೂರ್ಣವೆಂಬುದನ್ನು ತೋರಿಸಲು ಇಂಗ್ಲಿಷಿನ ‘ಆಸ್ಕ್’ ಎಂಬ ಚಿಕ್ಕ ಕ್ರಿಯಾಪದವೇ ಸಾಕು.

ಇದಕ್ಕೆ ಮುಖ್ಯವಾಗಿ ಮೂರು ಅರ್ಥಗಳಿವೆ: ಪ್ರಶ್ನಿಸುವುದು, ಬೇಡುವುದು, ಆಮಂತ್ರಿಸುವುದು. ದಾರಿ ತಿಳಿಯಲು, ಸಾಲ ಪಡೆಯಲು, ಅತಿಥಿಯನ್ನು ಊಟಕ್ಕೆ ಕರೆಯಲು ಇಂಗ್ಲಿಷಿನಲ್ಲಿ ಇದೊಂದೇ ಪದ ಸಾಲುವುದು. ಸ್ಪ್ಯಾನಿಷಿನಲ್ಲಿ ಹಾಗಲ್ಲ. ತಿಳಿಯಬೇಕೆಂದು ಕೇಳಿದರೆ ‘ಪ್ರೆಗುಂತಾರ್’. ಪಡೆಯಬೇಕೆಂದು ಕೇಳಿದರೆ ‘ಪೆದೀರ್’. ಊಟಕ್ಕೆ ಕರೆದರೆ ‘ಇಂಬಿತಾರ್’. ‘ಮೆ ಪ್ರೆಗುಂತೋ ಪೋರ್ ಎಲ್ ದಿನೇರೋ’ ಎಂದರೆ ಅವನು ನನ್ನಲ್ಲಿ ಹಣದ ವಿಷಯ ವಿಚಾರಿಸಿದನು. ‘ಮೆ ಪಿದಿಯೋ ದಿನೇರೋ’ ಎಂದರೆ ಹಣವನ್ನೇ ಬೇಡಿದನು. ಉಪಕಾರವನ್ನು ಕೇಳುವಾಗ ‘ಪೆದೀರ್’ ಎನ್ನಬೇಕಲ್ಲದೆ ‘ಪ್ರೆಗುಂತಾರ್’ ಎನ್ನಲಾಗದು. ಇನ್ನೊಂದು ವಿಶೇಷವುಂಟು: ಪ್ರಶ್ನೆ ಕೇಳುವುದಕ್ಕೆ ಅವರು ಪ್ರಶ್ನೆ ‘ಮಾಡುವುದು’, ಅಂದರೆ ‘ಅಸೇರ್ ಉನಾ ಪ್ರೆಗುಂತಾ’, ಎನ್ನುವರು.

ಈ ಭೇದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ‘ಪೆದೀರ್’ ಬಂದುದು ‘ಪೆತೆರೆ’ ಎಂಬುದರಿಂದ. ಅರಸುವುದು, ಬೇಡುವುದು ಎಂದು ಅದರರ್ಥ. ನಾವು ಕಚೇರಿಗೆ ಕೊಡುವ ‘ಪಿಟಿಷನ್’ ಸಹ ಅದೇ ಮನೆತನದ್ದು. ‘ಪ್ರೆಗುಂತಾರ್’ ಪದದ ಮೂಲ ‘ಪೆರ್ಕೊಂತಾರಿ’. ದೋಣಿಯವರ ಉದ್ದನೆಯ ಕೋಲಿಗೆ ಹೆಸರಾದ ‘ಕೊಂತುಸ್’ ಅದರಲ್ಲಿ ಅಡಗಿದೆ. ಕೋಲಿಳಿಸಿ ನೀರಿನ ಆಳ ನೋಡುವಂತೆ ಪ್ರಶ್ನೆಯಿಂದ ವಿಷಯದ ಆಳ ನೋಡುವುದು.

ಸ್ಪ್ಯಾನಿಷಿನ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ‘ಕೇಳು’ ಎಂಬುದು ಪ್ರಶ್ನೆ, ಬೇಡಿಕೆಗಳೊಡನೆ ಕಿವಿಗೊಡುವುದನ್ನೂ ಒಳಗೊಂಡಿದೆ. ನೆರೆಯ ಮರಾಠಿಯಾದರೋ ಸ್ಪ್ಯಾನಿಷಿನಂತೆ ಇವನ್ನು ಬೇರ್ಪಡಿಸುತ್ತದೆ: ವಿಷಯಕ್ಕೆ ‘ವಿಚಾರಣೇ’, ವಸ್ತುವಿಗೆ ‘ಮಾಗಣೇ’, ಕಿವಿಗೆ ‘ಐಕಣೇ’. ಹಿಂದೊಮ್ಮೆ ಕನ್ನಡ ಮನೆಮಾತಿನ ಹುಡುಗನೊಬ್ಬನು ಮರಾಠಿ ಪ್ರಬಂಧದಲ್ಲಿ, ಗುರುಗಳಿಗೆ ಪುಸ್ತಕ ‘ವಿಚಾರಲೇ’ ಎಂದು ಬರೆದಿದ್ದನು. ವರ್ಗವೆಲ್ಲ ನಕ್ಕಿತು, ನಾನೂ ಕೆಂಪು ಗೆರೆ ಎಳೆದು ‘ಅಜಾಗರೂಕತೆ’ ಎಂದು ಬರೆದೆನು. ಅದು ಅಜಾಗರೂಕತೆಯಾಗಿರಲಿಲ್ಲ. ಮನೆಯಲ್ಲಿ ಒಂದಾಗಿದ್ದ ಪದವು ಶಾಲೆಯಲ್ಲಿ ಮೂರಾಗುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ ಆಗಿದ್ದೆನು.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಭಾಷಾಂತರದ ಪಾಠದಲ್ಲಿ ಶಬ್ದಾರ್ಥ ಬರೆಯಿಸುವ ಮೊದಲು, ಕೇಳುವವನಿಗೆ ಬೇಕಾದುದು ಉತ್ತರವೋ ವಸ್ತುವೋ ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು. ಗಡಿನಾಡಿನ ಮಗುವಿನ ತಪ್ಪನ್ನು ತಿದ್ದುವ ಮುನ್ನ, ಅದು ಯಾವ ಭಾಷೆಯಿಂದ ನಡೆದುಬಂದಿತೆಂದು ನೋಡುವುದು ನಮ್ಮ ಕರ್ತವ್ಯವಾಗಿದೆ.