ಕರೆಯದೆ ಬಂದ ನಿಲಯ

ನಿಮ್ಮ ಮನೆಯ ರೇಡಿಯೊದಲ್ಲಿ ಹ್ರಸ್ವ ತರಂಗದ ಸೌಕರ್ಯವಿದ್ದರೆ, ರಾತ್ರಿ ಊಟವಾದ ಮೇಲೆ ಮುಳ್ಳನ್ನು 41 ಮೀಟರಿನ ಆಸುಪಾಸಿನಲ್ಲಿ ಮೆಲ್ಲನೆ ತಿರುಗಿಸಿ ನೋಡಿ. ಒಂದು ದೇಶದ ವಾರ್ತೆ, ಅದರ ಮಗ್ಗುಲಲ್ಲೇ ಇನ್ನೊಂದು ದೇಶದ ಸಂಗೀತ. ಅಲ್ಲಿಂದ ಸ್ವಲ್ಪ ಆಚೆಗೆ ಬಾತುಕೋಳಿ ಮಾತನಾಡಿದಂತೆ ಒಂದು ಗೊರಗೊರ ಸದ್ದು. ಇದು ಹವ್ಯಾಸೀ ರೇಡಿಯೊದವರ, ರೂಢಿಯ ಮಾತಿನಲ್ಲಿ ‘ಹ್ಯಾಮ್’ಗಳ, ಸಂಭಾಷಣೆಯಾಗಿರಬಹುದು. ಅದನ್ನು ಬಿಡಿಸಿ ಕೇಳಿಸುವ ಸಾಧನ ಸಾಮಾನ್ಯವಾಗಿ ನಮ್ಮ ಪೆಟ್ಟಿಗೆಯಲ್ಲಿಲ್ಲ, ಅಷ್ಟೆ.

ಅವರ ಸದ್ದು ನಮಗೆ ತೊಂದರೆಯೆಂದು ನಾವು ಗೊಣಗುತ್ತೇವೆ. ನಮ್ಮ ನಿಲಯಗಳಿಂದ ಅವರಿಗಾಗುವ ತೊಂದರೆ ಇದಕ್ಕಿಂತ ದೊಡ್ಡದು. ಹವ್ಯಾಸಿಯ ಯಂತ್ರದ ಶಕ್ತಿ ಸಾಮಾನ್ಯವಾಗಿ 100 ವಾಟ್. ಹ್ರಸ್ವ ತರಂಗದ ದೊಡ್ಡ ಪ್ರಸಾರ ನಿಲಯದ್ದು 250 ಕಿಲೋವಾಟ್, 500 ಕಿಲೋವಾಟ್. ತೇರಿನ ಮುಂದಿನ ನಗಾರಿಯ ಪಕ್ಕದಲ್ಲಿ ನಿಂತು ಕಿವಿಮಾತು ಆಡುವವನ ಪಾಡು ಅವರದು. ಆ ಕಿವಿಮಾತು ಒಮ್ಮೊಮ್ಮೆ ಹರಟೆಯಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದು ಅಂಡಮಾನಿನ ದೂರವಾಣಿ ಕಡಿದುಹೋದಾಗ, ಹವ್ಯಾಸದ ಪ್ರಯೋಗಕ್ಕೆಂದು ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಅವರ ತಂಡವೇ ಅಲ್ಲಿನ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಅಂಥ ಹೊತ್ತಿನಲ್ಲಿ ಒಂದು ಹೆಸರು, ಒಂದು ಅಂಕಿ ಸಂಗೀತದಡಿಯಲ್ಲಿ ಮುಚ್ಚಿಹೋದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ನನಗೆ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಪಾಠದಲ್ಲಿ ಅಷ್ಟಕ್ಕಷ್ಟೆ, ಈಗ ಸರ್ಕಾರದ ಪರವಾನಿಗೆ ಪಡೆದ ಹವ್ಯಾಸಿ. ಒಂದು ಸಂಜೆ ಅವನ ಕೋಣೆಯಲ್ಲಿ ಕುಳಿತಿದ್ದೆ. ಹಳೆಯ ಗ್ರಾಹಕ ಯಂತ್ರ, ಮುಳ್ಳು 20 ಮೀಟರಿನ ಹವ್ಯಾಸೀ ಬ್ಯಾಂಡಿನಲ್ಲಿ 14,200 ಕಿಲೋಹರ್ಟ್ಸಿನ ಮೇಲೆ. ಕರಾವಳಿಯ ಗೆಳೆಯನೊಬ್ಬನ ಕ್ಷೀಣ ಧ್ವನಿಯ ಮೇಲೆ ವಿದೇಶದ ಪ್ರಸಾರವೊಂದು ಸವಾರಿ ಮಾಡುತ್ತಿತ್ತು. ನನಗೆ ರೇಗಿತು. ಆ ನಿಲಯಕ್ಕೆ ಖಡಕ್ಕಾಗಿ ಒಂದು ಆಕ್ಷೇಪಣೆ ಬರೆಯೋಣವೆಂದು ಕಾಗದ ಕೇಳಿದೆ. “ಸ್ವಲ್ಪ ತಡೀರಿ ಮೇಷ್ಟ್ರೇ, ಅವರು ಅವರ ಜಾಗದಲ್ಲೇ ಇದ್ದಾರೆ, ತಪ್ಪು ನಮ್ಮ ಪೆಟ್ಟಿಗೇದು” ಎಂದ.

ಅವನು ವಿವರಿಸಿದ್ದು ಹೀಗೆ. ಗ್ರಾಹಕ ಯಂತ್ರದೊಳಗೆ ಪುಟ್ಟದೊಂದು ಆಂದೋಲಕವಿರುತ್ತದೆ. ನಾವು 14,200ಕ್ಕೆ ತಿರುಗಿಸಿದಾಗ ಅದು 14,655ರಲ್ಲಿ ಮಿಡಿಯುತ್ತದೆ. ಎರಡರ ವ್ಯತ್ಯಾಸ 455. ಹಳೆಯ ಪೆಟ್ಟಿಗೆಗಳು ಸಾಮಾನ್ಯವಾಗಿ ಈ ವ್ಯತ್ಯಾಸವನ್ನೇ ಹಿಡಿದು ದೊಡ್ಡದು ಮಾಡುವುದು. ಆದರೆ 15,110ರಲ್ಲಿರುವ ನಿಲಯಕ್ಕೂ 14,655ಕ್ಕೂ ವ್ಯತ್ಯಾಸ ಅದೇ 455 ತಾನೆ? ಕನ್ನಡಿಯ ಈಚೆ ನಾವು, ಆಚೆ ನಮ್ಮ ಬಿಂಬ ಇದ್ದ ಹಾಗೆ. 15,110 ಎಂಬುದು 19 ಮೀಟರಿನ ಪ್ರಸಾರ ಬ್ಯಾಂಡಿನ ಒಳಗೇ ಇದೆ. ಮುಂಬಾಗಿಲಿನ ಜರಡಿ ಸಡಿಲವಾಗಿದ್ದರೆ ಬಿಂಬವೂ ಒಳಗೆ ನುಗ್ಗುತ್ತದೆ. ಆದುದರಿಂದ ಕೇಳಿಬಂದ ಕಂಪನಾಂಕಕ್ಕೆ 910 ಕೂಡಿಸಿ, ಅಲ್ಲಿ ಆ ನಿಲಯ ನಿಜವಾಗಿ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಏರಿಯಲ್ಲಿಗೂ ಪೆಟ್ಟಿಗೆಗೂ ನಡುವೆ ಇನ್ನೊಂದು ಶ್ರುತಿಗೊಳಿಸಿದ ಸುರುಳಿಯನ್ನಿಡುವುದೇ ಮದ್ದು.

ಇನ್ನೊಂದು ಬಗೆಯ ತೊಂದರೆ ನಮ್ಮ ವ್ಯಾಕರಣದವರಿಗೆ ಸುಲಭವಾಗಿ ಅರ್ಥವಾಗುವಂಥದು. ಸುರ, ಇಂದ್ರ ಎರಡೂ ಸೇರಿ ಸುರೇಂದ್ರನಾದಾಗ, ಎರಡರಲ್ಲೂ ಇರದ ಏಕಾರ ಹುಟ್ಟುತ್ತದೆಯಷ್ಟೆ. ಪ್ರಬಲ ಸಂಕೇತಗಳು ತಾಳಲಾರದಷ್ಟು ನುಗ್ಗಿದಾಗ ಪೆಟ್ಟಿಗೆಯೊಳಗೂ ಇಂಥದೇ ಸಂಧಿಕಾರ್ಯ ನಡೆಯುತ್ತದೆ. 7,230 ಮತ್ತು 7,400ರಲ್ಲಿ ಎರಡು ಬಲವಾದ ನಿಲಯಗಳಿವೆ ಎನ್ನಿ. ಮೊದಲನೆಯದರ ಇಮ್ಮಡಿಯಲ್ಲಿ ಎರಡನೆಯದನ್ನು ಕಳೆದರೆ 7,060. ಅಲ್ಲಿ, ಹವ್ಯಾಸಿಗಳ ಪಾಲಿನಲ್ಲಿ, ಇಲ್ಲದ ನಿಲಯವೊಂದು ಎರಡು ದನಿಯಲ್ಲಿ ಗೊಂದಲವಾಗಿ ಮಾತನಾಡುತ್ತದೆ. ಒಂದೇ ನಿಲಯವೂ ತನ್ನನ್ನು ತಾನೇ ಗುಣಿಸಿಕೊಳ್ಳಬಲ್ಲುದು, ಇದನ್ನು ಸವರ್ಣದೀರ್ಘವೆನ್ನಬಹುದೇನೋ! ಬೆಂಗಳೂರು ಆಕಾಶವಾಣಿಯ 612ರ ಮುಮ್ಮಡಿ 1,836. ಅದು 160 ಮೀಟರಿನ ಹವ್ಯಾಸೀ ಬ್ಯಾಂಡಿನೊಳಗೆ ಬೀಳುತ್ತದೆ. ಪ್ರೇಷಕಕ್ಕೆ ಸಮೀಪದಲ್ಲಿರುವವರ ಪೆಟ್ಟಿಗೆಯಲ್ಲಿ ಈ ಭ್ರಮೆ ಹುಟ್ಟುವುದು ಸಹಜ.

ನಿಜವೋ ಭ್ರಮೆಯೋ ತಿಳಿಯುವುದೆಂತು? ಏರಿಯಲ್ ದಾರಿಯಲ್ಲಿ ಸಂಕೇತವನ್ನು 10 ಡೆಸಿಬೆಲ್ ತಗ್ಗಿಸುವ ಸಾಧನವನ್ನಿಡಬೇಕು. ನಿಜವಾದ ನಿಲಯ 10ರಷ್ಟೇ ತಗ್ಗುತ್ತದೆ. ಮೇಲೆ ಹೇಳಿದಂತೆ ಪೆಟ್ಟಿಗೆಯೊಳಗೆ ಹುಟ್ಟಿದ್ದಾದರೆ ಸುಮಾರು 30ರಷ್ಟು ಕುಸಿದು, ಒಮ್ಮೊಮ್ಮೆ ಮಾಯವೇ ಆಗುತ್ತದೆ. ಪರೀಕ್ಷೆಯೂ ಅದೇ, ಅರ್ಧ ಚಿಕಿತ್ಸೆಯೂ ಅದೇ. ಉಳಿದರ್ಧಕ್ಕೆ, ಕಾಟ ಮಧ್ಯಮ ತರಂಗದ್ದಾದರೆ, ಆ ಭಾಗವನ್ನೆಲ್ಲ ತಡೆದು ಮೇಲಿನದನ್ನು ಬಿಡುವ ಶೋಧಕ ಬೇಕು. ಒಂದೇ ನಿಲಯದ ಕಾಟವಾದರೆ, ಆ ಕಂಪನಾಂಕಕ್ಕೇ ಹೊಂದಿಸಿದ ಸುರುಳಿ ಮತ್ತು ಕಂಡೆನ್ಸರಿನ ಜೋಡಿ ಸಾಕು. ಬಿಂಬವೂ ನಿಜವಾದ ನಿಲಯದಂತೆ 10ರಷ್ಟೇ ತಗ್ಗುವುದರಿಂದ ಅದಕ್ಕೆ ಮಾತ್ರ ಮೊದಲಿನ ಲೆಕ್ಕವೇ ಗತಿ.

ಪೆಟ್ಟಿಗೆಯ ಹೊರಗೂ ಸಂಧಿ ನಡೆಯುವುದುಂಟು. ಪ್ರೇಷಕದ ಹತ್ತಿರ ತುಕ್ಕು ಹಿಡಿದ ತಗಡಿನ ಮಾಡು, ಸಡಿಲವಾದ ಬೋಲ್ಟು ಕೂಡ ಎರಡು ನಿಲಯಗಳನ್ನು ಬೆರೆಸಬಲ್ಲವು. ಅಷ್ಟೇಕೆ, 1933ರಲ್ಲಿ ಟೆಲೆಗೆನ್ ಎಂಬ ಡಚ್ ವಿಜ್ಞಾನಿ ಸ್ವಿಟ್ಜರ್ಲೆಂಡಿನ ನಿಲಯವನ್ನು ಕೇಳುತ್ತಿದ್ದಾಗ ಅದರ ಹಿಂದೆ ಲಕ್ಸೆಂಬರ್ಗಿನ ಕಾರ್ಯಕ್ರಮ ಕೇಳಿಸಿತು. ಬೆರಕೆ ನಡೆದದ್ದು ಆಕಾಶದ ಅಯಾನುಗೋಳದಲ್ಲೇ!

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಉಳಿಯುವ ನಿಲಯ ನಿಜವಾಗಿ ಅಲ್ಲಿದೆ. 40 ಮೀಟರಿನ ಬ್ಯಾಂಡಿನಲ್ಲಿ ಇದು ಹಳೆಯ ವ್ಯಾಜ್ಯ. ಅಮೆರಿಕ ಖಂಡಗಳಲ್ಲಿ ಹವ್ಯಾಸಿಗಳಿಗೆ 7,000ದಿಂದ 7,300ರವರೆಗೆ ಜಾಗವಿದ್ದರೆ, ಯೂರೋಪು, ಆಫ್ರಿಕ, ಏಷ್ಯಗಳಲ್ಲಿ 7,100ರಿಂದಾಚೆಗೆ ಬಹುಕಾಲ ಪ್ರಸಾರ ನಿಲಯಗಳದೇ ರಾಜ್ಯ. ಈ ಬ್ಯಾಂಡಿನ ಅಲೆಗಳು ರಾತ್ರಿ ಸಾವಿರಾರು ಮೈಲಿ ಹೋಗುತ್ತವಾದ್ದರಿಂದ ಇಲ್ಲಿಯ ಪ್ರಸಾರ ಅಲ್ಲಿಯವರ ಕಿವಿಗೆ ಬೀಳುತ್ತಿತ್ತು. 2003ರಲ್ಲಿ ಜಿನೀವದಲ್ಲಿ ಸೇರಿದ ವಿಶ್ವ ಸಮ್ಮೇಳನ, 7,100ರಿಂದ 7,200ರವರೆಗಿನ ಭಾಗವನ್ನು ನಿಲಯಗಳು ತೆರವು ಮಾಡಬೇಕೆಂದು ತೀರ್ಮಾನಿಸಿತು. 2009ರ ಮಾರ್ಚ್ 29ರಿಂದ ಅದು ಜಾರಿಗೆ ಬಂತು. 7,200ರಿಂದಾಚೆಗಿನ ತಂಟೆ ಅಮೆರಿಕದವರಿಗೆ ಇನ್ನೂ ತಪ್ಪಿಲ್ಲ; ತೀರ್ಮಾನಕ್ಕೆ ತಲೆಬಾಗದ ನಿಲಯಗಳೂ ಕೆಲವಿವೆ.

ಅಂಥಲ್ಲಿ ಯಂತ್ರದ ಉಪಾಯ ಸ್ವಲ್ಪವೇ. ಕಿರಿದಾದ ಶೋಧಕದಿಂದ ಅಂಚು ಕತ್ತರಿಸಬಹುದು; ವಾಹಕ ತರಂಗದ ಸಿಳ್ಳನ್ನು ಮಾತ್ರ ಕಿತ್ತುಹಾಕುವ ಶೋಧಕವೂ ಉಂಟು; ಏರಿಯಲ್ಲನ್ನು ನಿಲಯವಿರುವ ದಿಕ್ಕಿಗೆ ಕಿವುಡಾಗುವಂತೆ ತಿರುಗಿಸಬಹುದು. ಮಿಕ್ಕದ್ದು ಕಾಗದದ ಕೆಲಸ: ದಿನಾಂಕ, ಅಂತರರಾಷ್ಟ್ರೀಯ ಕಾಲಮಾನ, ನಿಖರವಾದ ಕಂಪನಾಂಕ, ಭಾಷೆ, ನಿಲಯ ತನ್ನ ಹೆಸರು ಹೇಳಿದ್ದರೆ ಅದು. ಇವನ್ನು ಹಲವು ದಿನ ಗುರುತಿಸಿಟ್ಟು ತಮ್ಮ ದೇಶದ ಹವ್ಯಾಸೀ ಸಂಘಕ್ಕೆ ಕಳುಹಿಸಬೇಕು. ಅಲ್ಲಿಂದ ಅದು 1925ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಹವ್ಯಾಸೀ ರೇಡಿಯೊ ಒಕ್ಕೂಟದ ಕಾವಲು ವಿಭಾಗವನ್ನು ಮುಟ್ಟುತ್ತದೆ. ಆಯಾ ಸರ್ಕಾರಗಳ ಮೂಲಕ ಆಕ್ಷೇಪಣೆ ಹೋಗುವುದು ಆಮೇಲೆ.

ನಾನು ಬರೆಯಹೊರಟ ಆಕ್ಷೇಪಣೆಯಲ್ಲಿ ಕಂಪನಾಂಕವೇ ಇರಲಿಲ್ಲ.